ಆಸ್ಬರ್ನ್ ಹೌಸ್ ಒಂದು ತಾಸಿಗೆ ಮುಗಿಯುವ ಮನೆಯಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ವಿಮಾನ ಹತ್ತುವ ಕನ್ನಡಿಗರು ಈಗ ಬಹಳ. ಅವರಿಗೆಂದು ಬರೆಯುವ ಪ್ರವಾಸ ಲೇಖನಗಳಲ್ಲಿ ಐಲ್ ಆಫ್ ವೈಟ್ ದ್ವೀಪದ ಆಸ್ಬರ್ನ್ ಹೌಸ್‌ಗೆ ಸಿಗುವುದು ಹೆಚ್ಚೆಂದರೆ ಎರಡು ಸಾಲು: ವಿಕ್ಟೋರಿಯಾ ರಾಣಿಯ ಬೇಸಿಗೆ ಅರಮನೆ, ಒಳಗೊಂದು ಭಾರತೀಯ ಶೈಲಿಯ ದರ್ಬಾರ್ ಕೋಣೆ, ನೋಡಲು ಒಂದು ತಾಸು ಸಾಕು. ಈ ಸಾಲುಗಳನ್ನು ನಂಬಿ ಹೋದವರು ದರ್ಬಾರ್ ಕೋಣೆಯಲ್ಲಿ ಫೋಟೊ ತೆಗೆಸಿಕೊಂಡು, ಚಹಾ ಕುಡಿದು, ದೋಣಿಗೆ ಓಡುತ್ತಾರೆ. ತೋಟದ ಮುಕ್ಕಾಲು ಭಾಗ ಅವರ ಕಣ್ಣಿಗೇ ಬಿದ್ದಿರುವುದಿಲ್ಲ. ಕೊಡಗಿನ ಕೊನೆಯ ಅರಸನ ಮಗಳ ಚಿತ್ರ ಆ ಮನೆಯ ಸಂಗ್ರಹದಲ್ಲಿದೆ ಎಂಬುದಂತೂ ನಮ್ಮವರಲ್ಲಿ ತೀರ ಕಡಿಮೆ ಜನಕ್ಕೆ ಗೊತ್ತು. ಹಾಗಾಗಿ ಈ ದೀರ್ಘ ಪತ್ರ.

ಮೊದಲಿಗೆ, ಅದು ಅರಮನೆಯಲ್ಲ. ಬಕಿಂಗ್‌ಹ್ಯಾಮ್, ವಿಂಡ್ಸರ್‌ಗಳಲ್ಲಿ ಒಂದು ಕಿಟಕಿ ಬದಲಿಸಬೇಕಾದರೂ ಸರ್ಕಾರಿ ಇಲಾಖೆಯ ಅಪ್ಪಣೆ ಬೇಕಿತ್ತು. ಅದರ ಕಾಟ ತಪ್ಪಿಸಿಕೊಳ್ಳಲೆಂದೇ ರಾಣಿ ಮತ್ತು ಪತಿ ಆಲ್ಬರ್ಟ್ 1845ರಲ್ಲಿ ಈ ಆಸ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಂಡರು. ಇದ್ದ ಹಳೆಯ ಮನೆ ಸಾಲದೆ ಹೊಸದು ಕಟ್ಟಿಸಿದರು. ಸಮುದ್ರದ ನೋಟ ನೇಪಲ್ಸ್ ಕೊಲ್ಲಿಯನ್ನು ನೆನಪಿಸುತ್ತದೆ ಎನ್ನುತ್ತಿದ್ದ ಆಲ್ಬರ್ಟ್ ಇಟಲಿಯ ಗ್ರಾಮೀಣ ಬಂಗಲೆಗಳ ಮಾದರಿ ಆರಿಸಿಕೊಂಡರು. ಹೆಸರಾಂತ ವಾಸ್ತುಶಿಲ್ಪಿಯ ಬದಲು ಲಂಡನ್ನಿನಲ್ಲಿ ಸಾಲುಸಾಲು ಮನೆ ಕಟ್ಟಿ ಪಳಗಿದ್ದ ಥಾಮಸ್ ಕ್ಯುಬಿಟ್ ಎಂಬ ಗುತ್ತಿಗೆದಾರರನ್ನು ಹಿಡಿದರು. 1846ರ ಸೆಪ್ಟೆಂಬರ್‌ಗೆ ಪೆವಿಲಿಯನ್ ಎಂಬ ಖಾಸಗಿ ವಾಸದ ಭಾಗ ಮುಗಿದು ಸಂಸಾರ ಅಲ್ಲಿಗೆ ಬಂತು, 1851ರ ಹೊತ್ತಿಗೆ ಉಳಿದ ಭಾಗಗಳೂ ಎದ್ದವು. ರಾಣಿ ತೀರಿಕೊಂಡದ್ದೂ ಇಲ್ಲೇ, 1901ರ ಜನವರಿ 22ರಂದು. ಮಗ ಏಳನೇ ಎಡ್ವರ್ಡ್‌ಗೆ ಈ ಮನೆಯ ಹಂಬಲವಿರಲಿಲ್ಲ. 1902ರಲ್ಲಿ ತನ್ನ ಪಟ್ಟಾಭಿಷೇಕದ ದಿನ ದೇಶಕ್ಕೆ ಕೊಟ್ಟುಬಿಟ್ಟರು. ಆಸ್ತಿಯ ಒಂದು ಭಾಗದಲ್ಲಿ ನೌಕಾ ಶಾಲೆ, ಇನ್ನೊಂದರಲ್ಲಿ ಅಧಿಕಾರಿಗಳ ವಿಶ್ರಾಂತಿ ಧಾಮ ನಡೆದವು. ಕಬ್ಬಿಣದ ಗೇಟು ಹಾಕಿ ಮುಚ್ಚಿಟ್ಟಿದ್ದ ರಾಣಿಯ ಖಾಸಗಿ ಕೋಣೆಗಳನ್ನು ಜನರಿಗೆ ತೆರೆದದ್ದು 1954ರಲ್ಲಿ. ಅರ್ಧ ಶತಮಾನ ಯಾರೂ ಕೈಯಾಡಿಸದೆ ಉಳಿದದ್ದೇ ಆ ಕೋಣೆಗಳ ಪುಣ್ಯ. 1986ರಿಂದ ನೋಡಿಕೊಳ್ಳುತ್ತಿರುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ.

ಹೋಗುವ ದಾರಿಯಲ್ಲೇ ಹೆಚ್ಚಿನವರು ಎಡವುತ್ತಾರೆ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಸೌತಾಂಪ್ಟನ್ ಸೆಂಟ್ರಲ್‌ಗೆ ರೈಲಿನಲ್ಲಿ ಸುಮಾರು ಒಂದೂಕಾಲು ತಾಸು. ಅಲ್ಲಿಂದ ದ್ವೀಪಕ್ಕೆ ರೆಡ್ ಫನಲ್ ಕಂಪನಿಯ ಎರಡು ಬಗೆಯ ದೋಣಿಗಳಿವೆ. ಕಾರು ಸಾಗಿಸುವ ದೊಡ್ಡ ಹಡಗು ಈಸ್ಟ್ ಕೌಸ್‌ಗೆ ಹೋಗುತ್ತದೆ, ಸುಮಾರು ಒಂದು ತಾಸು ಹಿಡಿಯುತ್ತದೆ. ಜನರನ್ನು ಮಾತ್ರ ಒಯ್ಯುವ ರೆಡ್ ಜೆಟ್ ಅದರ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ತಲುಪಿಸುತ್ತದೆ, ಆದರೆ ಇಳಿಸುವುದು ವೆಸ್ಟ್ ಕೌಸ್‌ನಲ್ಲಿ. ಆಸ್ಬರ್ನ್ ಇರುವುದು ಈಸ್ಟ್ ಕೌಸ್‌ನಲ್ಲಿ. ನಡುವೆ ಮೆಡಿನಾ ನದಿ. ಬೇಗ ತಲುಪುತ್ತದೆಂದು ರೆಡ್ ಜೆಟ್ ಹತ್ತಿದವರು ಮತ್ತೆ ಚೈನಿನ ಮೇಲೆ ಸಾಗುವ ಫ್ಲೋಟಿಂಗ್ ಬ್ರಿಡ್ಜ್ ಎಂಬ ತೆಪ್ಪದಲ್ಲಿ ನದಿ ದಾಟಬೇಕು. ಆ ತೆಪ್ಪ ಕೆಟ್ಟು ನಿಲ್ಲುವುದರಲ್ಲಿ ಪ್ರಸಿದ್ಧ. ನಿಂತಾಗ ನಡೆದು ಹೋಗುವವರಿಗೆ ಸಣ್ಣ ಲಾಂಚು ಬಿಡುತ್ತಾರೆ, ಸಾಲು ಉದ್ದವಾಗುತ್ತದೆ. ವಯಸ್ಸಾದವರು, ಗಾಲಿಬಂಡಿಯ ಮಗು ಜೊತೆಗಿದ್ದರೆ ದೊಡ್ಡ ಹಡಗೇ ವಾಸಿ. ಸೌತಾಂಪ್ಟನ್ನಿನಲ್ಲಿ ಎರಡು ದೋಣಿಗಳಿಗೂ ಹತ್ತುವ ಜಾಗ ಬೇರೆ ಬೇರೆ, ಟಿಕೆಟ್ಟಿನ ಮೇಲೆ ಬರೆದಿರುವುದನ್ನು ಓದಿಯೇ ಟ್ಯಾಕ್ಸಿಯವರಿಗೆ ಹೇಳಿ. ಪೋರ್ಟ್ಸ್‌ಮತ್ ಕಡೆಯಿಂದ ಬರುವವರಿಗೆ ಹಾರ್ಬರ್ ನಿಲ್ದಾಣದಿಂದ ರೈಡ್ ಊರಿಗೆ ಕ್ಯಾಟಮರನ್ ಎಂಬ ಜೋಡಿ ಒಡಲಿನ ವೇಗದ ದೋಣಿ ಇದೆ, ಇಪ್ಪತ್ತು ನಿಮಿಷ ಚಿಲ್ಲರೆ. ರೈಡ್‌ನಿಂದ ಈಸ್ಟ್ ಕೌಸ್‌ಗೆ ಹೋಗುವ ಬಸ್ಸು ಆಸ್ಬರ್ನ್ ಗೇಟಿನೆದುರೇ ನಿಲ್ಲುತ್ತದೆ. ಈಸ್ಟ್ ಕೌಸ್ ದೋಣಿ ನಿಲ್ದಾಣದಿಂದ ಮನೆಗೆ ಎರಡು ಕಿಲೋಮೀಟರಿಗೂ ಮೇಲೆ, ಅದೂ ಏರುದಾರಿ. ಮಂಡಿನೋವಿನವರು ನಡೆಯುವ ಉತ್ಸಾಹ ತೋರಬಾರದು, ಮನೆ ತಲುಪುವ ಮೊದಲೇ ಕಾಲು ಸೋತರೆ ಉಳಿದ ದಿನವೆಲ್ಲ ಬೆಂಚು ಹುಡುಕುವುದೇ ಆಗುತ್ತದೆ.

ಟಿಕೆಟ್ಟನ್ನು ಮುಂಚೆಯೇ ಆನ್‌ಲೈನಿನಲ್ಲಿ ತೆಗೆದರೆ ಬಾಗಿಲಲ್ಲಿ ಕೊಡುವುದಕ್ಕಿಂತ ಅಗ್ಗ. ಒಂದೇ ಪ್ರವಾಸದಲ್ಲಿ ಸ್ಟೋನ್‌ಹೆಂಜ್, ಡೋವರ್ ಕೋಟೆಯನ್ನೂ ನೋಡುವ ಯೋಚನೆಯಿದ್ದರೆ ಇಂಗ್ಲಿಷ್ ಹೆರಿಟೇಜ್‌ನವರ ವಿದೇಶಿ ಪ್ರವಾಸಿಗರ ಪಾಸು ಲಾಭದ್ದು. 9 ದಿನದ್ದು, 16 ದಿನದ್ದು ಎಂದು ಎರಡು ಬಗೆ. ಗಮನಿಸಬೇಕಾದ ಮಾತು ಚಳಿಗಾಲದ್ದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮನೆ ಎಲ್ಲ ದಿನವೂ ತೆರೆದಿರುವುದಿಲ್ಲ, ತೆರೆದರೂ ಎಲ್ಲ ಕೋಣೆಗಳೂ ಇರುವುದಿಲ್ಲ. ಹೊರಡುವ ಹಿಂದಿನ ದಿನ ಅವರ ಜಾಲತಾಣದಲ್ಲಿ ಆ ದಿನಾಂಕವನ್ನೇ ಹಾಕಿ ನೋಡದೆ ದೋಣಿ ಟಿಕೆಟ್ ತೆಗೆಯಬೇಡಿ.

ಇನ್ನು ನೋಡುವ ಕ್ರಮ. ಮನೆಯೊಳಗಿನ ದಾರಿ ಒಮ್ಮುಖ: ಕೆಳಗಿನ ರಾಜಕಾರ್ಯದ ಕೋಣೆಗಳು, ಮೇಲೆ ಮಕ್ಕಳ ಕೋಣೆಗಳು, ಖಾಸಗಿ ಕೋಣೆಗಳು, ಕೊನೆಗೆ ದರ್ಬಾರ್. ಹಿಂದಕ್ಕೆ ತಿರುಗಿ ಬರುವುದು ಕಷ್ಟ. ಬೆಳಿಗ್ಗೆ ಬಾಗಿಲು ತೆರೆದ ಮೊದಲ ತಾಸಿನಲ್ಲೇ ಮನೆ ನೋಡಿಬಿಡುವುದು ಒಳ್ಳೆಯದು. ಹನ್ನೊಂದರ ನಂತರ ಬಸ್ಸುಗಟ್ಟಲೆ ಜನ ಬಂದು ಸಣ್ಣ ಕೋಣೆಗಳ ಬಾಗಿಲಲ್ಲೇ ಗುಂಪು ಕಟ್ಟುತ್ತದೆ, ಹಗ್ಗದಾಚೆಯ ರಾಣಿಯ ಮೇಜಿನ ಬದಲು ಎದುರಿನವರ ಬೆನ್ನುಚೀಲ ಕಾಣುತ್ತದೆ. ಮನೆಗೆ ಒಂದೂವರೆ ತಾಸು, ಟೆರೇಸುಗಳಿಗೆ (ಮಾಳಿಗೆಯಲ್ಲ, ತೋಟದ ಜಗಲಿಗಳು) ಮುಕ್ಕಾಲು ತಾಸು, ಗೋಡೆಯೊಳಗಿನ ತೋಟಕ್ಕೆ ಅರ್ಧ ತಾಸು, ಸ್ವಿಸ್ ಕಾಟೇಜ್ ಮತ್ತು ಕಡಲತೀರಕ್ಕೆ ಎರಡು ತಾಸು. ಊಟ ಬೇರೆ. ಬುತ್ತಿ ಕಟ್ಟಿಕೊಂಡು ಹೋಗಿ ಹುಲ್ಲಿನ ಮೇಲೆ ಕುಳಿತು ತಿನ್ನಲು ಅಡ್ಡಿಯಿಲ್ಲ, ಪುಳಿಯೋಗರೆಗೂ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮನೆಯೊಳಗೆ ಮಾತ್ರ ತಿಂಡಿ, ಪಾನೀಯ ತೆರೆಯುವಂತಿಲ್ಲ.

ಬಾಗಿಲಿಗೆ ಬರುವ ಮೊದಲು ಹೊರಗೋಡೆಯ ಹತ್ತಿರ ಎರಡು ನಿಮಿಷ ನಿಲ್ಲಿ. ದೂರಕ್ಕೆ ಕಲ್ಲಿನ ಕಟ್ಟಡದಂತೆ ಕಾಣುವುದು ಇಟ್ಟಿಗೆಯ ಗೋಡೆ. ಮೇಲೆ ರೋಮನ್ ಸಿಮೆಂಟಿನ ಗಾರೆ. ಜೇಡಿಮಣ್ಣಿನ ಪದರಗಳಲ್ಲಿ ಸಿಗುವ ಸುಣ್ಣದಂಶದ ಉಂಡೆಕಲ್ಲುಗಳನ್ನು ಸುಟ್ಟು ಅರೆದು ಮಾಡುವ ಈ ಸಿಮೆಂಟಿಗೆ 1796ರಲ್ಲಿ ಜೇಮ್ಸ್ ಪಾರ್ಕರ್ ಎಂಬವರು ಪೇಟೆಂಟ್ ಪಡೆದಿದ್ದರು. ನೀರು ಬೆರೆಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಸ್ವಭಾವ ಅದರದ್ದು, ಹಾಗಾಗಿ ಗಾರೆಯವರು ಸ್ವಲ್ಪಸ್ವಲ್ಪವೇ ಕಲಸಿ ಅವಸರದಲ್ಲಿ ಎಳೆಯಬೇಕಿತ್ತು. ಇದರ ಶತ್ರು ಕೂದಲೆಳೆಯ ಬಿರುಕು. ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಚಳಿಗೆ ಹೆಪ್ಪುಗಟ್ಟಿ ಹಿಗ್ಗುತ್ತದೆ, ಗಾರೆ ಇಟ್ಟಿಗೆಯಿಂದ ಬಿಟ್ಟುಕೊಳ್ಳುತ್ತದೆ. ಬೆರಳಗಂಟಿನಿಂದ ತಟ್ಟಿದರೆ ಬಿಟ್ಟ ಜಾಗದಲ್ಲಿ ಟೊಳ್ಳು ಸದ್ದು ಬರುತ್ತದೆ (ತಟ್ಟುವ ಕೆಲಸ ಅಲ್ಲಿನ ಕೆಲಸಗಾರರಿಗೇ ಇರಲಿ). ಬಿಟ್ಟ ಕಡೆ ಇಂದಿನ ಗಟ್ಟಿ ಪೋರ್ಟ್‌ಲ್ಯಾಂಡ್ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು, ತೇಪೆಯ ಸುತ್ತಲಿನ ಹಳೆಯ ಗಾರೆಯೂ ಕೀಳುತ್ತದೆ. ನಮ್ಮಲ್ಲಿ ಸುಣ್ಣದ ಗಾರೆಯ ಹಳೇ ಮನೆಗಳಿಗೆ, ದೇವಸ್ಥಾನಗಳಿಗೆ ಸಿಮೆಂಟ್ ಬಳಿದು ನಾಲ್ಕೇ ಮಳೆಗಾಲದಲ್ಲಿ ಗೋಡೆ ಉಪ್ಪೇರುವುದು ಇದೇ ಕಾರಣಕ್ಕೆ. ಸಮುದ್ರದ ಉಪ್ಪುಗಾಳಿ ನೇರ ಹೊಡೆಯುವ ಆಸ್ಬರ್ನ್‌ನಲ್ಲಿ ಒಂದಲ್ಲ ಒಂದು ಮೂಲೆಗೆ ಸಾರುವೆ ಕಟ್ಟಿರುವುದು ಕಂಡರೆ ಬೇಸರಿಸಬೇಡಿ. ಸಾರುವೆ ಇದೆಯೆಂದರೆ ಕಟ್ಟಡಕ್ಕೆ ಆರೈಕೆ ನಡೆದಿದೆ ಎಂದರ್ಥ.

ಒಳಗೆ ಹೋದ ಕೂಡಲೇ ನಮ್ಮವರು ಕೇಳುವ ಪ್ರಶ್ನೆ, "ಇಷ್ಟೇಕೆ ಕತ್ತಲೆ?" ಅದು ವಿದ್ಯುತ್ ಉಳಿತಾಯವಲ್ಲ. ಬಟ್ಟೆ, ಕಾಗದ, ಜಲವರ್ಣಗಳು ಬೆಳಕಿಗೆ ಬಣ್ಣ ಕಳೆದುಕೊಂಡರೆ ಮತ್ತೆ ಬರುವುದಿಲ್ಲ. ಅಂಥವಕ್ಕೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್ (ಬೆಳಕಿನ ಅಳತೆಯ ಮಾನ), ತೈಲಚಿತ್ರಗಳಿಗೆ ಸುಮಾರು 200. ಬಿಸಿಲಿನ ದಿನ ಹೊರಗಿನ ಬೆಳಕು ಹತ್ತಾರು ಸಾವಿರ ಲಕ್ಸ್ ಇರುವುದರಿಂದ ಒಳಗೆ ಕಾಲಿಟ್ಟಾಗ ಕಣ್ಣು ಕಟ್ಟಿದಂತಾಗುತ್ತದೆ. ಮೊದಲ ಕಾರಿಡಾರಿನಲ್ಲೇ ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮೊಬೈಲಿನ ಟಾರ್ಚು, ಫ್ಲ್ಯಾಶು ಬೇಡ. ಕಿಟಕಿಯ ಪರದೆ ಅರ್ಧ ಇಳಿಸಿರುವುದು, ಗಾಜಿಗೆ ಅತಿನೇರಳೆ ತಡೆಯುವ ಪೊರೆ ಅಂಟಿಸಿರುವುದು ಇಂಥ ಹಳೇ ಮನೆಗಳಲ್ಲೆಲ್ಲ ವಾಡಿಕೆ. ರತ್ನಗಂಬಳಿಯ ಮೇಲೆ ನಡೆಯುವ ಜಾಗಕ್ಕಷ್ಟೇ ಬೇರೊಂದು ಒರಟು ಹಾಸು ಹಾಕಿರುತ್ತಾರೆ. ಶೂಗಳ ಅಡಿಯಲ್ಲಿ ಬರುವ ಜಲ್ಲಿಯ ಪುಡಿ ಮರಳುಕಾಗದದಂತೆ ನೂಲು ಕತ್ತರಿಸುವುದು ಒಂದು ಕಾರಣ, ಸೂಜಿ ಹಿಮ್ಮಡಿಯ ಚಪ್ಪಲಿ ಇಡೀ ದೇಹದ ಭಾರವನ್ನು ಬೆರಳುಗುರಿನಷ್ಟು ಜಾಗಕ್ಕೆ ಒತ್ತುವುದು ಇನ್ನೊಂದು. ಚಪ್ಪಟೆ ಅಡಿಯ ಪಾದರಕ್ಷೆಯೇ ಸರಿ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಿ ಅಥವಾ ಕೊಟ್ಟು ಹೋಗಿ. ಇಂಥ ಮನೆಗಳಲ್ಲಿ ಪಿಂಗಾಣಿ ಒಡೆಯುವುದು ಕೈತಪ್ಪಿಗಿಂತ ಹೆಚ್ಚಾಗಿ ಬೆನ್ನುಚೀಲ ತಿರುಗಿದಾಗ.

ಕೆಳಗಿನ ಕೋಣೆಗಳಲ್ಲಿ ಮನೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಗಮನಿಸಿದರೆ ಚಿನ್ನದ ಚೌಕಟ್ಟುಗಳಿಗಿಂತ ಹೆಚ್ಚು ತಿಳಿಯುತ್ತದೆ. ಊಟದ ಕೋಣೆ, ಡ್ರಾಯಿಂಗ್ ರೂಮ್, ಬಿಲಿಯರ್ಡ್ಸ್ ಕೋಣೆ ಮೂರೂ ಮಹಡಿಯ ಮೆಟ್ಟಿಲಿನ ಸುತ್ತ ಬಾಗಿ ಬರುತ್ತವೆ. ಡ್ರಾಯಿಂಗ್ ರೂಮಿಗೂ ಬಿಲಿಯರ್ಡ್ಸ್ ಕೋಣೆಗೂ ನಡುವೆ ಗೋಡೆಯಿಲ್ಲ, ಕಂಬಗಳು ಮಾತ್ರ, ಮೂಲೆ ತಿರುಗಿದರೆ ಮರೆ. ರಾಣಿಯ ಎದುರು ಆಸ್ಥಾನದ ಸೇವೆಯಲ್ಲಿದ್ದ ಶ್ರೀಮಂತರು ಕೂರುವಂತಿರಲಿಲ್ಲ. ಬಿಲಿಯರ್ಡ್ಸ್ ಮೂಲೆಯಲ್ಲಿದ್ದರೆ ಅವರು ಲೆಕ್ಕಕ್ಕೆ ಸನ್ನಿಧಿಯಲ್ಲೇ ಇದ್ದಂತೆ, ಕಣ್ಣಿಗೆ ಕಾಣದ್ದರಿಂದ ಕೂರಬಹುದು. ಶಿಷ್ಟಾಚಾರವನ್ನು ನಕ್ಷೆಯಲ್ಲೇ ಬಗೆಹರಿಸಿದ ಚಮತ್ಕಾರ ಇದು. ಅಲ್ಲಿನ ಬಿಲಿಯರ್ಡ್ಸ್ ಮೇಜಿನ ಕಾಲುಗಳು ಅಮೃತಶಿಲೆಯಂತಿದ್ದರೂ ಬಣ್ಣ ಹಚ್ಚಿ ಸುಟ್ಟ ಸ್ಲೇಟು ಕಲ್ಲು. ಕಲ್ಲೆಂದುಕೊಂಡದ್ದು ಸಿಮೆಂಟು, ಅಮೃತಶಿಲೆ ಎಂದುಕೊಂಡದ್ದು ಸ್ಲೇಟು: ಆಸ್ಬರ್ನ್‌ನ ಉದ್ದಕ್ಕೂ ಈ ಆಟ ಇದೆ. ಆ ಕಾಲದವರಿಗೆ ಇದರಲ್ಲಿ ನಾಚಿಕೆ ಇರಲಿಲ್ಲ, ಹೊಸ ಕೈಗಾರಿಕೆಯ ಜಾಣತನವೆಂದು ಹೆಮ್ಮೆಯೇ ಇತ್ತು.

ಗಾಜಿನ ಗೂಡುಗಳಲ್ಲಿಟ್ಟಿರುವ ಎಳೆ ಮಕ್ಕಳ ಕೈಕಾಲುಗಳ ಅಮೃತಶಿಲೆಯ ಪ್ರತಿರೂಪಗಳನ್ನು ನೋಡಿ ಕೆಲವರು ಬೆಚ್ಚುತ್ತಾರೆ. ಅವು ರಾಣಿಯ ಮಕ್ಕಳವು, ಬದುಕಿ ಬೆಳೆದ ಮಕ್ಕಳವು, ನೆನಪಿಗೆಂದು ಮಾಡಿಸಿದ್ದು. ಊಟದ ಕೋಣೆಯ ನೆಲದ ಹಿತ್ತಾಳೆ ಫಲಕವನ್ನು ಹುಡುಕಿ, 1901ರಲ್ಲಿ ರಾಣಿಯ ಪಾರ್ಥಿವ ಶರೀರವನ್ನು ಇಟ್ಟ ಜಾಗ ಅದು. ಇದೇ ಕೋಣೆಯಲ್ಲಿ 1862ರ ಜುಲೈಯಲ್ಲಿ ಮಗಳು ಆಲಿಸಳ ಮದುವೆ ನಡೆದಿತ್ತು, ಆಲ್ಬರ್ಟ್ ಸತ್ತು ಏಳು ತಿಂಗಳೂ ತುಂಬಿರಲಿಲ್ಲ. ಅಲೆಕ್ಸಾಂಡರ್ ಗ್ರಹಾಂ ಬೆಲ್ ತನ್ನ ಹೊಸ ಟೆಲಿಫೋನನ್ನು ರಾಣಿಗೆ ಪ್ರದರ್ಶಿಸಿದ್ದೂ ಈ ಮನೆಯಲ್ಲೇ, 1878ರ ಜನವರಿ 14ರಂದು.

ಮಹಡಿಯ ಖಾಸಗಿ ಕೋಣೆಯಲ್ಲಿ ಅಕ್ಕಪಕ್ಕ ಎರಡು ಬರೆಯುವ ಮೇಜುಗಳಿವೆ, ಗಂಡನದು ಹೆಂಡತಿಯದು. ಸ್ನಾನದ ತೊಟ್ಟಿ, ಷವರ್ ಎರಡನ್ನೂ ಬೀರುವಿನ ಬಾಗಿಲುಗಳ ಹಿಂದೆ ಅಡಗಿಸಿದ್ದಾರೆ. ಬಾಗಿಲು ಮುಚ್ಚಿದ್ದರೆ ಬಟ್ಟೆಯ ಬೀರು ಅಂದುಕೊಂಡು ಮುಂದೆ ಹೋಗಿಬಿಡುತ್ತೀರಿ. ಮೇಲಂತಸ್ತಿನ ಮಕ್ಕಳ ಕೋಣೆಗಳನ್ನು ಹಳೆಯ ಫೋಟೊಗಳ ಆಧಾರದ ಮೇಲೆ ಮರುಜೋಡಿಸಿದ್ದಾರೆ. ಮೆಟ್ಟಿಲು ಬಹಳ, ಹತ್ತಲಾಗದವರು ಟಿಕೆಟ್ ಕೊಡುವಲ್ಲೇ ಏನು ಅನುಕೂಲವಿದೆ ಎಂದು ಕೇಳಬೇಕು, ಮಹಡಿಯ ಬುಡಕ್ಕೆ ಬಂದ ಮೇಲೆ ಕೇಳಿದರೆ ಹೊತ್ತು ಹೋಗುತ್ತದೆ.

ದರ್ಬಾರ್ ಕೋಣೆ 1890–91ರದ್ದು, ಆಲ್ಬರ್ಟ್ ಸತ್ತು ಮೂರು ದಶಕಗಳ ನಂತರದ್ದು. ಲಾಹೋರಿನ ಮೇಯೋ ಕಲಾಶಾಲೆಯ ಲಾಕ್‌ವುಡ್ ಕಿಪ್ಲಿಂಗ್ ಸಲಹೆಗಾರರು, ಅಲ್ಲಿಂದಲೇ ಬಂದ ಭಾಯಿ ರಾಮ್ ಸಿಂಗ್ ಕೆಲಸ ನಿಂತು ಮಾಡಿಸಿದವರು. ಅಗ್ಗಿಷ್ಟಿಕೆಯ ಮೇಲಿನ ಗರಿಬಿಚ್ಚಿದ ನವಿಲನ್ನು ನೋಡಿ ದಂತ ಎನ್ನುವವರಿದ್ದಾರೆ, ಚಂದನ ಎನ್ನುವವರೂ ಇದ್ದಾರೆ. ಎರಡೂ ಅಲ್ಲ. ಈ ಕೋಣೆಯ ಅಲಂಕಾರವೆಲ್ಲ ಅಚ್ಚಿನ ಕೆಲಸ: ಪ್ಲಾಸ್ಟರ್, ಜೊತೆಗೆ ಕಾಗದದ ತಿರುಳು ಮತ್ತು ಅಂಟು ಸೇರಿಸಿದ ಕಾರ್ಟನ್ ಪಿಯೆರ್ ಎಂಬ ಮಿಶ್ರಣ. ಮಾದರಿ ರಾಮ್ ಸಿಂಗ್ ಅವರದು, ಎರಕ ಲಂಡನ್ನಿನ ಜಾಕ್ಸನ್ ಕಂಪನಿಯದು. ಗೋಡೆಯಲ್ಲಿ ಒಂದೇ ಬಳ್ಳಿ ಎಷ್ಟು ಅಡಿಗೊಮ್ಮೆ ಮರುಕಳಿಸುತ್ತದೆ ಎಂದು ಕಣ್ಣಿನಲ್ಲೇ ಅಳೆದರೆ ಅಚ್ಚಿನ ಉದ್ದ ಗೊತ್ತಾಗುತ್ತದೆ. ನೆಲದ ರತ್ನಗಂಬಳಿ ನೇಯ್ದವರು ಆಗ್ರಾ ಜೈಲಿನ ಕೈದಿಗಳು. ಪಕ್ಕದ ಕಾರಿಡಾರಿನಲ್ಲಿ ರುಡಾಲ್ಫ್ ಸ್ವೊಬೊಡಾ ಬರೆದ ಭಾರತೀಯರ ಚಿಕ್ಕ ಚಿಕ್ಕ ಮುಖಚಿತ್ರಗಳ ಸಾಲಿದೆ. ಅವರಲ್ಲಿ 1886ರ ಲಂಡನ್ ವಸ್ತುಪ್ರದರ್ಶನಕ್ಕೆಂದು ಕರೆತಂದ ಕುಶಲಕರ್ಮಿಗಳಿದ್ದಾರೆ, ಅವರಲ್ಲೂ ಹಲವರು ಆಗ್ರಾ ಜೈಲಿನಲ್ಲಿ ಕಸುಬು ಕಲಿತವರು. 1887ರಲ್ಲಿ ಬಂದು ರಾಣಿಗೆ ಹಿಂದೂಸ್ತಾನಿ ಕಲಿಸಿದ ಅಬ್ದುಲ್ ಕರೀಮನ ಚಿತ್ರವೂ ಇದೆ. ಭಾರತಕ್ಕೆ ಒಮ್ಮೆಯೂ ಬಾರದ ರಾಣಿ ಕಟ್ಟಿಸಿಕೊಂಡ ಭಾರತ ಈ ಕೋಣೆ. ಹೊಳಪಿಗೆ ಮರುಳಾಗುವುದು ಸಹಜ. ಹೆಸರುಫಲಕಗಳನ್ನು ಓದಿದರೆ ಆ ಹೊಳಪು ಯಾರ ಕೈಯಿಂದ ಬಂತೆಂದೂ ತಿಳಿಯುತ್ತದೆ. ರಾಣಿಯ ಜುಬಿಲಿಗಳಿಗೆ ಭಾರತದ ಊರುಗಳು, ಸಂಸ್ಥಾನಗಳು ಕಳಿಸಿದ ಮಾನಪತ್ರದ ಪೆಟ್ಟಿಗೆಗಳು ಗಾಜಿನ ಬೀರುಗಳಲ್ಲಿವೆ, ಅವುಗಳ ಮುಂದೆ ನಮ್ಮವರು ಹತ್ತು ನಿಮಿಷ ಕಳೆಯಲೇಬೇಕು.

ಇನ್ನು ಕೊಡಗಿನ ಮಾತು. 1834ರಲ್ಲಿ ಕಂಪನಿ ಸರ್ಕಾರ ಕೊಡಗನ್ನು ಕಿತ್ತುಕೊಂಡು ಚಿಕ್ಕ ವೀರರಾಜೇಂದ್ರನನ್ನು ಕಾಶಿಗೆ ಸಾಗಿಸಿತು. ಅಲ್ಲೇ 1841ರಲ್ಲಿ ಹುಟ್ಟಿದ ಮಗಳು ಗೌರಮ್ಮ. (ಕತೆಗಾರ್ತಿ ಗೌರಮ್ಮನವರು ಬೇರೆ, ಈಕೆ ಬೇರೆ.) 1852ರಲ್ಲಿ ಅರಸ ಮಗಳೊಂದಿಗೆ ಲಂಡನ್ನಿಗೆ ಬಂದ, ಕಂಪನಿಯಿಂದ ತನಗೆ ಬರಬೇಕಾದ ಹಣಕ್ಕೆ ದಾವೆ ಹೂಡಿದ. ಅದೇ ವರ್ಷ ಹನ್ನೊಂದರ ಬಾಲಕಿಗೆ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ದೀಕ್ಷಾಸ್ನಾನವಾಯಿತು. ರಾಣಿಯೇ ಧರ್ಮಮಾತೆ, ತನ್ನದೇ ಹೆಸರಿಟ್ಟಳು: ವಿಕ್ಟೋರಿಯಾ ಗೌರಮ್ಮ. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರ್ ಅದೇ ವರ್ಷ ಆಕೆಯ ಚಿತ್ರ ಬರೆದ, ಶಿಲ್ಪಿ ಮಾರೊಕೆಟ್ಟಿ ಬಣ್ಣ ಹಚ್ಚಿದ ಅಮೃತಶಿಲೆಯಲ್ಲಿ ಎದೆಮಟ್ಟದ ಮೂರ್ತಿ ಕಡೆದ. ಇವೆರಡೂ ಆಸ್ಬರ್ನ್ ಸಂಗ್ರಹದವು. ಪಂಜಾಬಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗನಿಗೆ ಆಕೆಯನ್ನು ಮದುವೆ ಮಾಡಿಸಬೇಕೆಂಬ ಆಸೆ ರಾಣಿಗಿತ್ತು, ದುಲೀಪ್ ಒಪ್ಪಲಿಲ್ಲ. 1860ರಲ್ಲಿ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಎಂಬ ತನಗಿಂತ ಬಹಳ ಹಿರಿಯನೊಂದಿಗೆ ಮದುವೆಯಾಗಿ, ಒಂದು ಹೆಣ್ಣುಮಗುವಾಗಿ, 1864ರಲ್ಲಿ ತೀರಿಕೊಂಡಾಗ ಆಕೆಗೆ ಇಪ್ಪತ್ತೆರಡು. ಚಿತ್ರವನ್ನು ಹುಡುಕುವವರಿಗೆ ಒಂದು ಸೂಚನೆ: ಸಂಗ್ರಹದ ವಸ್ತುಗಳನ್ನು ಆಗಾಗ ಬೇರೆ ಪ್ರದರ್ಶನಗಳಿಗೆ ಕಳಿಸುವುದುಂಟು, ಜಾಗ ಬದಲಿಸುವುದುಂಟು. ಕೋಣೆಗಳಲ್ಲಿ ನಿಂತಿರುವ ಕಾವಲಿನವರನ್ನು ಮೊದಲೇ ಕೇಳಿ. ನಮ್ಮ ಉಚ್ಚಾರದ ಗೌರಮ್ಮ ಅವರ ಕಿವಿಗೆ ಹತ್ತುವುದಿಲ್ಲ, "ಪ್ರಿನ್ಸೆಸ್ ಆಫ್ ಕೂರ್ಗ್" ಎಂದರೆ ಥಟ್ಟನೆ ಗೊತ್ತಾಗುತ್ತದೆ. ಆ ಕಾವಲಿನವರಲ್ಲಿ ಅನೇಕರು ಸಂಬಳವಿಲ್ಲದ ಸ್ವಯಂಸೇವಕರು, ಕೇಳಿದಷ್ಟೂ ಹೇಳುವವರು. ಸುಮ್ಮನೆ ತಲೆಯಾಡಿಸಿ ದಾಟಿ ಹೋಗುವುದು ನಮ್ಮವರ ಸಂಕೋಚ, ಅದರಿಂದ ನಷ್ಟ ನಮಗೇ.

ಹೊರಗೆ ಬಂದರೆ ಟೆರೇಸುಗಳು. ಮನೆಯ ಬುಡದಿಂದ ಸಮುದ್ರದ ಕಡೆಗೆ ಹಂತಹಂತವಾಗಿ ಇಳಿಯುವ ಈ ಜಗಲಿಗಳ ವಿನ್ಯಾಸದಲ್ಲಿ ಆಲ್ಬರ್ಟ್ ಜೊತೆಗೆ ಲುಡ್ವಿಗ್ ಗ್ರೂನರ್ ಎಂಬ ಕಲಾ ಸಲಹೆಗಾರರ ಕೈಯಿದೆ. ಕೆಳಗಿನ ಜಗಲಿಯ ಕಾರಂಜಿಯಲ್ಲಿ ಜಾನ್ ಬೆಲ್ ಮಾಡಿದ ಆಂಡ್ರೊಮಿಡಾ ಮೂರ್ತಿ ನಿಂತಿದೆ. ಕುಂಡಗಳು, ಪ್ರತಿಮೆಗಳಲ್ಲಿ ಹಲವು ಸಿಮೆಂಟಿನ ಎರಕ, ಕೆಲವು ಸತುವಿನವು. ಮಕ್ಕಳನ್ನು ಹತ್ತಿಸಿ ಫೋಟೊ ತೆಗೆಯುವ ಗಟ್ಟಿತನ ಅವಕ್ಕಿಲ್ಲ. ಹೂಪಾತಿಗಳು ವಿಕ್ಟೋರಿಯಾ ಕಾಲದ ಪದ್ಧತಿಯವು, ಅಂದರೆ ವರ್ಷಕ್ಕೆ ಎರಡು ಸಲ ಪಾತಿಯನ್ನೇ ಕಿತ್ತು ಹೊಸದಾಗಿ ತುಂಬುವುದು. ಶರತ್ಕಾಲದಲ್ಲಿ ನೆಟ್ಟ ಟ್ಯುಲಿಪ್ ಗೆಡ್ಡೆ, ವಾಲ್‌ಫ್ಲವರ್ ಏಪ್ರಿಲ್–ಮೇನಲ್ಲಿ ಅರಳುತ್ತವೆ. ಹಿಮದ ಭಯ ಹೋದ ಮೇಲೆ ಅವನ್ನು ತೆಗೆದು ಜೆರೇನಿಯಂ ಮೊದಲಾದ ಬೇಸಿಗೆಯ ಗಿಡ ಹಾಕುತ್ತಾರೆ, ಅವು ಮೈದುಂಬಿಕೊಳ್ಳಲು ಜುಲೈ ಬೇಕು. ನಡುವಿನ ಅವಧಿ, ಅಂದರೆ ಮೇ ಕೊನೆಯಿಂದ ಜೂನ್ ನಡುವರೆಗೆ, ಪಾತಿಗಳಲ್ಲಿ ಮಣ್ಣೇ ಹೆಚ್ಚು ಕಾಣುತ್ತದೆ. ನಮ್ಮ ಶಾಲಾ ರಜೆಯ ಕೊನೆಗೆ ಸರಿಯಾಗಿ ಹೋದವರು ತೋಟ ಬೋಳು ಎಂದು ದೂರುವುದಕ್ಕೆ ಇದೇ ಕಾರಣ. ಸಾಧ್ಯವಿದ್ದರೆ ಏಪ್ರಿಲ್ ಕೊನೆ ಅಥವಾ ಜುಲೈ–ಆಗಸ್ಟ್ ಆರಿಸಿಕೊಳ್ಳಿ.

ಟೆರೇಸಿನ ಗೋಡೆಯ ಆಸರೆಯಲ್ಲಿ ಬೆಳೆದಿರುವ ಮಿರ್ಟಲ್ ಪೊದೆ ನೋಡಲು ಸಾಧಾರಣ, ಚಿಕ್ಕ ಬಿಳಿ ಹೂ, ಉಜ್ಜಿದರೆ ಸುವಾಸನೆ ಕೊಡುವ ಎಲೆ. ಆಲ್ಬರ್ಟನ ಅಜ್ಜಿ ರಾಣಿಗೆ ಕೊಟ್ಟ ಹೂಗುಚ್ಛದ ಮಿರ್ಟಲ್ ಕಡ್ಡಿಯಿಂದ 1845ರಲ್ಲಿ ಬೇರು ಬರಿಸಿದ ಗಿಡದ ವಂಶ ಇದು. 1858ರಲ್ಲಿ ಹಿರಿಮಗಳ ಮದುವೆಯಿಂದ ಶುರುವಾಗಿ 2011ರಲ್ಲಿ ಕೇಟ್ ಮಿಡಲ್‌ಟನ್ ಮದುವೆಯವರೆಗೆ ರಾಜಮನೆತನದ ವಧುಗಳ ಹೂಗುಚ್ಛಕ್ಕೆ ಆಸ್ಬರ್ನ್ ಮಿರ್ಟಲ್ ಹೋಗಿದೆ. ಕೀಳಬೇಡಿ, ಕಾವಲಿದೆ. ಇನ್ನು ಮರಗಳು. ಈ ಆಸ್ತಿಯ ಮಣ್ಣು ನೀರು ನಿಲ್ಲುವ ಜೇಡಿ. ಆಲ್ಬರ್ಟ್ ಮೊದಲು ಮಾಡಿಸಿದ್ದು ನೆಲದಡಿ ಹೆಂಚಿನ ಕೊಳವೆ ಹಾಸಿ ನೀರು ಬಸಿಯುವ ಕೆಲಸ, ಆಮೇಲೆ ಗಿಡ. ನಿತ್ಯಹಸಿರು ಓಕ್, ಸೀಡರ್‌ಗಳು ಇಂದು ಕೊಡುವ ನೆರಳಿನ ಗುಟ್ಟು ಆ ಕಾಣದ ಕೊಳವೆಗಳಲ್ಲಿದೆ.

ಗೋಡೆಯೊಳಗಿನ ತೋಟ ರಾಣಿಗಿಂತ ಹಳೆಯದು, ಹಿಂದಿನ ಮಾಲೀಕರದ್ದು. ಹಳೇ ಮನೆ ಕೆಡವಿದಾಗ ಅದರ ಮುಂಬಾಗಿಲ ಮಂಟಪವನ್ನು ತಂದು ಈ ತೋಟದ ಪ್ರವೇಶಕ್ಕೆ ನಿಲ್ಲಿಸಿದ್ದಾರೆ. ಇಟ್ಟಿಗೆ ಗೋಡೆ ಹಗಲ ಬಿಸಿಲು ಹೀರಿ ರಾತ್ರಿ ಬಿಡುವುದರಿಂದ ಅದಕ್ಕೆ ಚಪ್ಪಟೆಯಾಗಿ ಹಬ್ಬಿಸಿದ ಹಣ್ಣಿನ ಗಿಡಗಳು ಬೇಗ ಹಣ್ಣಾಗುತ್ತವೆ. ಕೊಂಬೆಗಳನ್ನು ಬೀಸಣಿಗೆಯಂತೆ ಹರಡಿ ತಂತಿಗೆ ಕಟ್ಟಿರುವ ಬಗೆಯನ್ನು ಮನೆಯಂಗಳದಲ್ಲಿ ಅಂಜೂರ ಬೆಳೆಯುವವರು ಹತ್ತಿರದಿಂದ ನೋಡಬೇಕು.

ಇಷ್ಟಕ್ಕೇ ತಿರುಗಿ ಬರುವವರು ಆಸ್ಬರ್ನ್‌ನ ಅತಿ ಒಳ್ಳೆಯ ಭಾಗವನ್ನು ಬಿಟ್ಟು ಬರುತ್ತಾರೆ. ಮನೆಯಿಂದ ಹದಿನೈದಿಪ್ಪತ್ತು ನಿಮಿಷದ ನಡಿಗೆಯಲ್ಲಿ ಸ್ವಿಸ್ ಕಾಟೇಜ್ ಇದೆ, 1853–54ರಲ್ಲಿ ಮಕ್ಕಳಿಗೆಂದೇ ನಿಲ್ಲಿಸಿದ ಮರದ ಮನೆ. ಪ್ರವಾಸಿಗರು ಹೆಚ್ಚಿರುವ ತಿಂಗಳುಗಳಲ್ಲಿ ಸಣ್ಣ ವ್ಯಾನು ಓಡಾಡುತ್ತದೆ, ಓಡುತ್ತಿದೆಯೇ ಎಂದು ಬಾಗಿಲಲ್ಲೇ ವಿಚಾರಿಸಿ. ಒಂಬತ್ತು ಮಕ್ಕಳಿಗೂ ಒಂದೇ ಅಳತೆಯ ಪಾತಿಗಳು, ಹಣ್ಣು ತರಕಾರಿ ಹೂವು ಅವರೇ ಬೆಳೆಯಬೇಕು. ಬೆಳೆದದ್ದನ್ನು ತೋಟಗಾರ ನೋಡಿ ಸರಿಯಿದೆ ಎಂದರೆ ಆಲ್ಬರ್ಟ್ ಮಾರುಕಟ್ಟೆಯ ದರ ಕೊಟ್ಟು ಕೊಳ್ಳುತ್ತಿದ್ದರು. ಪ್ರತಿ ಮಗುವಿನ ಮೊದಲಕ್ಷರ ಬರೆದ ಪುಟ್ಟ ಗುದ್ದಲಿ, ಕೈಗಾಡಿಗಳನ್ನು ಇಂದಿಗೂ ಅಲ್ಲಿಟ್ಟಿದ್ದಾರೆ. ಕಾಟೇಜಿನ ಅಡುಗೆಮನೆಯ ಒಲೆ, ಪಾತ್ರೆ ಮಕ್ಕಳ ಎತ್ತರಕ್ಕೆ ತಕ್ಕವು, ಆದರೆ ಆಟಿಕೆಗಳಲ್ಲ. ರಾಜಕುಮಾರಿಯರು ಅಲ್ಲಿ ನಿಜವಾಗಿಯೇ ಬೇಯಿಸುತ್ತಿದ್ದರು. ಪಕ್ಕದಲ್ಲೇ ಮಕ್ಕಳು ಕೂಡಿಟ್ಟ ವಸ್ತುಗಳ ಸಂಗ್ರಹಾಲಯ, ಮಣ್ಣಿನ ಪುಟಾಣಿ ಕೋಟೆ. ಮೊಮ್ಮಕ್ಕಳನ್ನು ಕರೆದೊಯ್ದವರು ಬೇಕಾದರೆ ದರ್ಬಾರ್ ಬಿಡಲಿ, ಇದನ್ನು ಬಿಡಬಾರದು.

ಅಲ್ಲಿಂದ ಇಳಿದರೆ ರಾಣಿಯ ಖಾಸಗಿ ಕಡಲತೀರ, ಜನರಿಗೆ ತೆರೆದದ್ದು 2012ರಲ್ಲಿ. 1847ರ ಜುಲೈಯಲ್ಲಿ ರಾಣಿ ಮೊದಲ ಬಾರಿ ಸಮುದ್ರಕ್ಕಿಳಿದದ್ದು ಇಲ್ಲಿ. ಉಪಯೋಗಿಸಿದ್ದು ಗಾಲಿಯ ಮೇಲಿನ ಮರದ ಸ್ನಾನದ ಕೋಣೆ: ಒಳಗೆ ಬಟ್ಟೆ ಬದಲಿಸಿಕೊಂಡರೆ ಬಂಡಿಯನ್ನೇ ಇಳಿಜಾರಿನಲ್ಲಿ ನೀರಿಗೆ ಇಳಿಸಿ, ಮುಗಿದ ಮೇಲೆ ಹಗ್ಗದಿಂದ ಮೇಲಕ್ಕೆಳೆಯುವುದು. ರಾಣಿಯ ನಂತರ ಆ ಬಂಡಿಗೆ ಕೋಳಿಗೂಡಾಗುವ ಗತಿ ಬಂದಿತ್ತು, 1950ರ ದಶಕದಲ್ಲಿ ಹುಡುಕಿ ದುರಸ್ತಿ ಮಾಡಿದರು. ತೀರದಲ್ಲಿ ಮರಳಿಗಿಂತ ಹರಳು ಹೆಚ್ಚು, ಸೀರೆಯ ನೆರಿಗೆಗೂ ಚಪ್ಪಲಿಗೂ ಕಷ್ಟ. ಮರಳುವ ದಾರಿ ಪೂರ್ತಿ ಏರು ಎಂಬುದನ್ನು ನೆನಪಿಟ್ಟು, ದೋಣಿಯ ಹೊತ್ತಿಗೆ ಒಂದು ತಾಸು ಇರುವಾಗಲೇ ಹೊರಡಿ.

ಲಂಡನ್ನಿಗೆ ವಾಪಸಾದ ಮೇಲೆ ಅರ್ಧ ದಿನ ಮಿಕ್ಕರೆ ವೆಸ್ಟ್ ಬ್ರಾಂಪ್ಟನ್ ನಿಲ್ದಾಣದಲ್ಲಿ ಇಳಿಯಿರಿ, ಎದುರಿಗೇ ಬ್ರಾಂಪ್ಟನ್ ಸ್ಮಶಾನ. ಗೌರಮ್ಮನ ಸಮಾಧಿ ಅಲ್ಲಿದೆ. ಪ್ರವೇಶಕ್ಕೆ ಹಣವಿಲ್ಲ. ಸ್ಮಶಾನ ಬಹಳ ದೊಡ್ಡದು, ಸುಮ್ಮನೆ ಸುತ್ತಿದರೆ ಸಿಗುವುದಿಲ್ಲ, ಮೊದಲು ಕಚೇರಿಯಲ್ಲಿ ಕೇಳಿ ನಕ್ಷೆಯಲ್ಲಿ ಗುರುತು ಹಾಕಿಸಿಕೊಳ್ಳಿ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ಆಕೆಯ ತಂದೆಯ ಸಮಾಧಿ ಅಲ್ಲಿಂದ ಉತ್ತರಕ್ಕಿರುವ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದೆ. ಎರಡನ್ನೂ ಒಂದೇ ಮಧ್ಯಾಹ್ನ ಮುಗಿಸುವ ಲೆಕ್ಕ ಹಾಕಬೇಡಿ.

– ಕನ್ನಡಿಗ ಓದುಗರು, ಸೌತಾಂಪ್ಟನ್